ಶುಕ್ರವಾರ ಸಂಜೆಯ ಗಿರಣಿ

ನಮ್ಮೂರಿನಲ್ಲಿ ಇವತ್ತು ಆಡಿದ ಮಾತು ನಾಳೆ ಅದೇ ಹೊತ್ತಿಗೆ ಪಡುವಣ ಗುಡ್ಡದಿಂದ ಮರಳಿ ಬರುತ್ತದೆ. ಆಡಿದವರ ದನಿಯಲ್ಲೇ, ಇಡೀ ಊರಿಗೆ ಕೇಳುವಷ್ಟು ಗಟ್ಟಿಯಾಗಿ ಬರುತ್ತದೆ. ಪಿಸುಮಾತು ಬರುವುದಿಲ್ಲ, ನಾಲ್ಕು ಗೋಡೆಗಳ ನಡುವೆ ಮೆಲ್ಲಗೆ ಆಡಿದ್ದೂ ಬರುವುದಿಲ್ಲ. ದನಿಯೆತ್ತಿ ಆಡಿದ್ದಕ್ಕೆ ಮಾತ್ರ ಮಾಫಿಯಿಲ್ಲ. ಹಾಗಾಗಿ ನಮ್ಮಲ್ಲಿ ಗಂಡಹೆಂಡಿರು ಜಗಳವನ್ನು ಕಣ್ಣಲ್ಲೇ ಆಡಿ ಮುಗಿಸುತ್ತಾರೆ, ಮಾಸ್ತರರು ಹುಡುಗರನ್ನು ಬೈಯುವ ಮೊದಲು ಕಿಟಕಿ ಹಾಕಿಕೊಳ್ಳುತ್ತಾರೆ. ಮದುವೆ ಮಾತಿಗೆ ಬಂದ ಬೀಗರನ್ನು ಒಂದು ರಾತ್ರಿ ಉಳಿಸಿಕೊಂಡು, ಅವರು ಹಿಂದಿನ ದಿನ ಒಪ್ಪಿದ್ದನ್ನು ಕಟ್ಟೆಯ ಮೇಲೆ ಕೂಡಿಸಿ ಅವರಿಗೇ ಕೇಳಿಸಿ ಕಳಿಸುವುದು ನಮ್ಮ ಪದ್ಧತಿ. ಹೊರಗಿನಿಂದ ಬಂದವರು ಇದಕ್ಕೆಲ್ಲ ಹುಬ್ಬೇರಿಸುತ್ತಾರೆ. ನಮಗೆ ಇದು ನಲ್ಲಿಯಲ್ಲಿ ನೀರು ಬಂದಷ್ಟೇ ಸಹಜ, ಅದೂ ನೀರಾದರೆ ಒಮ್ಮೊಮ್ಮೆ ತಪ್ಪುತ್ತದೆ.

ಬಾಯಿ ಜಾರಿದವರಿಗೆ ಇರುವ ದಾರಿ ಒಂದೇ, ಗದಿಗೆಪ್ಪನ ಹಿಟ್ಟಿನ ಗಿರಣಿ. ಬೆಳಿಗ್ಗೆ ಒಂದು ಬೊಗಸೆ ಜೋಳವನ್ನು ಪಾತ್ರೆಯಲ್ಲಿ ಹಾಕಿ, ಮೇಲೆ ಬಟ್ಟೆ ಮುಚ್ಚಿ, ಒಯ್ದು ಅವನ ಮುಂದಿಟ್ಟು ಹೊತ್ತು ಯಾವುದೆಂದು ಹೇಳಿದರೆ ಸಾಕು. ಆ ಹೊತ್ತಿಗೆ ಅವನು ಗಿರಣಿ ಹಚ್ಚುತ್ತಾನೆ. ಅದರ ಸದ್ದಿಗೆ ಗುಡ್ಡದ ಮಾತು ಯಾರ ಕಿವಿಗೂ ಬೀಳುವುದಿಲ್ಲ. ಯಾರ ಮಾತು, ಎಂಥ ಮಾತು ಎಂದು ಅವನು ಕೇಳುವಂತಿಲ್ಲ, ಬಂದ ಜೋಳವನ್ನು ವಾಪಸು ಕಳಿಸುವಂತಿಲ್ಲ. ಆ ಹಿಟ್ಟನ್ನು ಅದೇ ದಿನ ರೊಟ್ಟಿ ಮಾಡಿ, ಮಾತಾಡಿದವರೇ ತಿನ್ನಬೇಕು. ಇನ್ನೊಂದು ಸಂಗತಿ ಉಂಟು. ಗುಡ್ಡಕ್ಕೆ ಯಂತ್ರದ ಸದ್ದು ಬೇಕಿಲ್ಲ, ಮನುಷ್ಯರ ಮಾತಷ್ಟೇ ಬೇಕು. ಗಿರಣಿಯ ಗದ್ದಲದಲ್ಲಿ ದನಿಯೆತ್ತಿ ಆಡಿದ್ದು ಪಕ್ಕದವರಿಗೂ ಕೇಳಿಸದಿದ್ದರೂ ಮರುದಿನ ಸೋಸಿ ತೆಗೆದ ಹಾಗೆ ಸ್ವಚ್ಛವಾಗಿ ಮರಳಿ ಬರುತ್ತದೆ. ಆದ್ದರಿಂದ ಬೀಸಿಸಲು ಬಂದವರು ಒಳಗೆ ಕೈಸನ್ನೆಯಲ್ಲೇ ವ್ಯವಹಾರ ಮುಗಿಸುತ್ತಾರೆ. ಹುಡುಗನಾಗಿದ್ದಾಗಿನಿಂದ ಅದರೊಳಗೇ ಬದುಕಿದ ಗದಿಗೆಪ್ಪನಂತೂ ಹಿಟ್ಟು ಹತ್ತಿದ ಹುಬ್ಬಿನಲ್ಲೇ ಅರ್ಧ ಮಾತಾಡುತ್ತಾನೆ.

ನಾನು ಇಲ್ಲಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಊರಿಗೆಲ್ಲ ನಾನು ಅಕ್ಕೋರು. ನನ್ನ ಮಕ್ಕಳು ಪರೀಕ್ಷೆಯಲ್ಲಿ ಇಂಗ್ಲಿಷನ್ನು ಚೆನ್ನಾಗಿಯೇ ಬರೆಯುತ್ತಾರೆ, ಬಾಯಿ ಬಿಡು ಎಂದರೆ ಮಾತ್ರ ನೆಲ ನೋಡುತ್ತಾರೆ. ಅವರದೇನು ತಪ್ಪು? ಹಿಂದೊಮ್ಮೆ ತಪಾಸಣೆಗೆ ಬಂದ ಸಾಹೇಬರ ಮುಂದೆ ಶಾಲೆಯ ಹುಡುಗನೊಬ್ಬ ಇಂಗ್ಲಿಷಿನಲ್ಲಿ ತನ್ನನ್ನು ತಾನು ಎಮ್ಮೆ ಎಂದು ಹೇಳಿಕೊಂಡಿದ್ದು ಮರುದಿನ ಗುಡ್ಡದಿಂದ ಮರಳಿ ಬಂತಂತೆ. ಅವನಿಗೀಗ ಮೊಮ್ಮಕ್ಕಳಿದ್ದಾರೆ, ಆದರೂ ಸಂತೆಯಲ್ಲಿ ಅವನನ್ನು ಎಮ್ಮೆಯಪ್ಪ ಎಂದೇ ಕರೆಯುತ್ತಾರೆ. ಅಂಥ ಊರಿನಲ್ಲಿ ಯಾವ ಮಗು ತಪ್ಪು ಮಾಡಲು ಮುಂದೆ ಬಂದೀತು? ತಪ್ಪು ಮಾಡದೆ ಭಾಷೆ ಬರುವ ದಾರಿ ನನಗಂತೂ ಗೊತ್ತಿಲ್ಲ.

ಆನ್‌ಲೈನ್ ಸಂಭಾಷಣೆ ಕ್ಲಬ್ಬು ನಮ್ಮ ಶಾಲೆಗೆ ಬಂದದ್ದು ಹೀಗಿರುವಾಗ. ದೂರದ ದೊಡ್ಡ ಊರಿನ ಶಾಲೆಯ ಮಕ್ಕಳು ಒಂದು ಕಡೆ, ನಮ್ಮವರು ಇನ್ನೊಂದು ಕಡೆ. ಪ್ರತಿ ಗುರುವಾರ ದೀಪ ಹಚ್ಚುವ ಹೊತ್ತಿಗೆ ಜೋಡಿ ಜೋಡಿಯಾಗಿ ಫೋನಿನಲ್ಲಿ ಇಂಗ್ಲಿಷ್ ಮಾತಾಡಬೇಕು. ನೆಟ್‌ವರ್ಕ್ ಸಿಗುವುದು ಶಾಲೆಯ ಮಾಳಿಗೆಯ ಮೇಲೆ ಮಾತ್ರ, ಆ ಮಾಳಿಗೆಯೋ ನೇರ ಗುಡ್ಡಕ್ಕೆ ಮುಖ ಮಾಡಿ ಕೂತಿದೆ. ಮೊದಲ ಗುರುವಾರ ಎಲ್ಲರೂ ಇಯರ್‌ಫೋನ್ ಹಾಕಿಕೊಂಡು ಪಿಸುಗುಟ್ಟಿದರು. ಆ ಕಡೆಯವರು ಕೇಳಿಸುತ್ತಿಲ್ಲ, ಜೋರಾಗಿ ಹೇಳಿ ಎಂದಷ್ಟೂ ಇವರು ಕುಗ್ಗಿದರು. ಅವತ್ತು ದನಿಯೆತ್ತಿದ ಒಬ್ಬಳೇ ಒಬ್ಬಳು ನೀಲಾ, ಗಿರಣಿ ಗದಿಗೆಪ್ಪನ ಮಗಳು. ಹೆಸರು, ತರಗತಿ, ಊಟ ಆಯಿತೇ ಎನ್ನುವಷ್ಟರಲ್ಲೇ ನಾಲ್ಕು ಕಡೆ ಎಡವಿದಳು, ಆದರೂ ನಿಲ್ಲಿಸಲಿಲ್ಲ.

ಮರುದಿನ ಸಂಜೆ ಅದೆಲ್ಲ ಗುಡ್ಡದಿಂದ ಬರತೊಡಗಿದಾಗ ಕಟ್ಟೆಯ ಮೇಲಿದ್ದವರು ನಗಲು ತಯಾರಾಗಿದ್ದರು. ಅಷ್ಟರಲ್ಲಿ ಗಿರಣಿ ನಿಂತಿತು. ಗಿರಾಕಿಗಳು ಸಾಲು ಹಚ್ಚಿದ್ದ ಹೊತ್ತು ಅದು. ಗದಿಗೆಪ್ಪ ಹಿಟ್ಟಿನ ಮೈಯಲ್ಲೇ ಹೊರಗೆ ಬಂದು, ಟವೆಲ್ಲಿನಿಂದ ಕಿವಿ ಒರೆಸಿಕೊಂಡು, ಕಟ್ಟೆಯ ಕಡೆ ಒಮ್ಮೆ ನೋಡಿದ. ನಗು ಅಲ್ಲಿಗೇ ಅಡಗಿತು. ಊರಿನಲ್ಲಿ ಎಷ್ಟು ಮನೆಗಳ ಮಾನ ಅವನ ಗಿರಣಿಯ ಸದ್ದಿನಲ್ಲಿ ಉಳಿದಿದೆ ಎಂಬುದು ಅಲ್ಲಿ ಕೂತವರಿಗೆಲ್ಲ ಗೊತ್ತಿತ್ತು. ಅವನಿಗೆ ಮಗಳ ಮಾತಿನ ಒಂದಕ್ಷರವೂ ಅರ್ಥವಾಗಲಿಲ್ಲ, ಆದರೂ ಕಣ್ಣು ಮುಚ್ಚಿ ಕೊನೆಯವರೆಗೆ ಕೇಳಿದ. ಅಂದಿನಿಂದ ಪ್ರತಿ ಶುಕ್ರವಾರ ಆ ಹೊತ್ತಿಗೆ ಗಿರಣಿ ಬಂದ್. ಗಿರಾಕಿಗಳು ಗೊಣಗುತ್ತ ಗೊಣಗುತ್ತಲೇ ಕೇಳಲು ಕೂತರು.

ನೀಲಾ ನಗೆಪಾಟಲಾಗಲಿಲ್ಲ ಎಂಬ ಧೈರ್ಯದಿಂದ ಉಳಿದ ಮಕ್ಕಳ ಬಾಯಿಯೂ ಬಿಚ್ಚಿಕೊಂಡಿತು. ಗುಡ್ಡ ಮರಳಿಸುತ್ತಿದ್ದುದು ನಮ್ಮವರ ಅರ್ಧ ಮಾತನ್ನಷ್ಟೇ, ಆ ಕಡೆಯವರ ಅರ್ಧ ಇಯರ್‌ಫೋನಿನಲ್ಲೇ ಉಳಿಯುತ್ತಿತ್ತು. ನಡುವಿನ ಸಂದಿಯಲ್ಲಿ ಅವರೇನು ಕೇಳಿರಬಹುದು ಎಂದು ಕಟ್ಟೆಯ ಮೇಲೆ ವಾದ ನಡೆಯುತ್ತಿತ್ತು. ಪೋಸ್ಟ್ ಮಾಸ್ತರು ಅರ್ಥ ಹೇಳುತ್ತಿದ್ದರು, ಗೊತ್ತಿಲ್ಲದಲ್ಲಿ ಕಟ್ಟಿ ಹೇಳುತ್ತಿದ್ದರು. ಒಂದು ವಾರ ನೀಲಾ ತನ್ನ ತಂದೆಗೆ ಫ್ಯಾಕ್ಟರಿ ಇದೆ ಎಂದದ್ದು ಕೇಳಿ ಎಲ್ಲರೂ ಗದಿಗೆಪ್ಪನ ಬೆನ್ನು ತಟ್ಟಿದರು. ಅವನೂ ಖುಷಿಪಟ್ಟು, ಮೋಟಾರು ಐತಿ, ಬೆಲ್ಟು ಐತಿ, ಫ್ಯಾಕ್ಟರಿ ಅಲ್ಲದ ಇನ್ನೇನು ಎಂದ. ನನಗೆ ಮಾತ್ರ ಒಳಗೊಳಗೇ ಕಸಿವಿಸಿಯಾಯಿತು. ಅವಳ ಜೋಡಿಯಾಗಿದ್ದ ಇಶಿತಾ ಎಂಬ ಹುಡುಗಿಯ ತಂದೆ ಯಾವುದೋ ಕಂಪನಿಯ ಮುಖ್ಯಸ್ಥರು, ಒಮ್ಮೆ ಮಗಳ ಪಕ್ಕದಲ್ಲಿ ಕೂತು ನೀಲಾಳೊಂದಿಗೂ ಎರಡು ಮಾತಾಡಿದ್ದರು. ಅವತ್ತಿನಿಂದ ಇವಳ ಮಾತಿನಲ್ಲಿ ಮನೆ ದೊಡ್ಡದಾಗುತ್ತ ಹೋಗಿತ್ತು. ತಿದ್ದಬೇಕಿತ್ತು. ಆದರೆ ವಾಕ್ಯ ಸರಿಯಾಗಿದ್ದರೆ ಸಾಕು ಎಂದು ನಾನು ಸುಮ್ಮನಿದ್ದೆ.

ಗದಿಗೆಪ್ಪ ಒಂದು ಮಧ್ಯಾಹ್ನ ನನ್ನ ಮನೆಗೆ ಬಂದ. ಒಳಗೆ ಕರೆದರೆ ಹಿಟ್ಟು ಉದುರುತ್ತದೆ ಎಂದು ಹೊಸ್ತಿಲ ಹೊರಗೇ ನಿಂತ. ಬಹಳ ಹೊತ್ತು ಟವೆಲ್ ಹಿಂಡಿ, ಕಡೆಗೆ ಗುಡ್ಡಕ್ಕೆ ಕೇಳದಷ್ಟು ಮೆಲ್ಲಗೆ ಹೇಳಿದ.

"ನನಗೂ ಒಂದ್ ಮಾತು ಕಲಿಸ್ರಿ ಅಕ್ಕೋರ. ಒಂದಽ ಸಾಕು. ಆ ಊರಿನ ಹುಡುಗಿ ಮುಂದ ನಾ ನೀಲಾನ ಅಪ್ಪ ಅಂತ ಹೇಳಬೇಕು."

ಕಲಿಸಿದೆ. ನಾಲ್ಕು ಶಬ್ದದ ವಾಕ್ಯ ಅವನ ನಾಲಿಗೆಗೆ ಒಗ್ಗಲು ಆ ಮಧ್ಯಾಹ್ನ ಪೂರ್ತಿ ಬೇಕಾಯಿತು. ಆಯ್ ಯಾಮ್ ನೀಲಾಸ್ ಫಾದರ್ ಎಂದು ಪಿಸುಗುಟ್ಟುತ್ತಲೇ ಮೆಟ್ಟಿಲಿಳಿದು ಹೋದ.

ಮುಂದಿನ ಗುರುವಾರ ಕ್ಲಬ್ಬಿನವರು ಇನ್ನು ಮೇಲೆ ವಿಡಿಯೋದಲ್ಲಿ ಮಾತಾಡೋಣ ಎಂದರು. ನೀಲಾ ತಲೆಗೆ ಎಣ್ಣೆ ಹಚ್ಚದೆ, ಇಸ್ತ್ರಿ ಮಾಡಿದ ಚೂಡಿದಾರ ಹಾಕಿಕೊಂಡು ಬಂದಿದ್ದಳು. ಮಾಳಿಗೆಯ ಗೋಡೆಯ ಗಾರೆ ಕಿತ್ತುಹೋದ ಭಾಗ ಕಾಣದ ಹಾಗೆ ಫೋನನ್ನು ಹತ್ತಾರು ಸಲ ಆಚೀಚೆ ಮಾಡಿದಳು. ನಾನು ಪಕ್ಕದಲ್ಲೇ ಇದ್ದೆ. ಮಾತು ಅರ್ಧಕ್ಕೆ ಬಂದಿತ್ತು, ಗದಿಗೆಪ್ಪ ಮೆಟ್ಟಿಲು ಹತ್ತಿ ಬಂದ. ಗಿರಣಿಯಿಂದ ನೇರ ಬಂದಿದ್ದ. ಮೈಮೇಲೆ ಬನಿಯನ್, ಮೊಣಕಾಲಿಗೆ ಎತ್ತಿ ಕಟ್ಟಿದ ಧೋತರ, ತಲೆಯಿಂದ ಕಾಲಿನವರೆಗೆ ಬೆಳ್ಳಗೆ ಹಿಟ್ಟು. ಕೈಯಲ್ಲಿ ಸ್ಟೀಲಿನ ಡಬ್ಬಿ, ಅದರಲ್ಲಿ ಮಕ್ಕಳಿಗೆಂದು ಮನೆಯಲ್ಲಿ ಮಾಡಿಸಿ ತಂದ ಮಂಡಕ್ಕಿ ಸೂಸಲ. ಮಗಳ ಹಿಂದೆ ನಿಂತು, ಫೋನಿನೊಳಗಿನ ಹುಡುಗಿಗೆ ನಗುತ್ತ ಕೈ ಮುಗಿದು, ಹೇಳಬೇಕಾದ್ದನ್ನು ಹೇಳಲು ಬಾಯಿ ತೆರೆದ.

ಅಷ್ಟರಲ್ಲಿ ಆ ಹುಡುಗಿ ಯಾರದು ಎಂದು ಕೇಳಿರಬೇಕು. ನೀಲಾ ಒಮ್ಮೆ ಹಿಂದಕ್ಕೆ ತಿರುಗಿ ನೋಡಿದಳು. ಅವಳ ಕಿವಿ ಕೆಂಪಾಯಿತು. ಮತ್ತೆ ಫೋನಿಗೆ ಮುಖ ಮಾಡಿ, ಸ್ಪಷ್ಟವಾದ ಇಂಗ್ಲಿಷಿನಲ್ಲಿ, ಅವನು ನಮ್ಮ ಮನೆಯಲ್ಲಿ ಕೆಲಸಕ್ಕಿರುವ ಆಳು, ಏನೂ ತಿಳಿಯದವನು, ತಪ್ಪು ತಿಳಿಯಬೇಡ, ನನ್ನ ಫಾದರ್ ಬೇರೆ ಊರಿಗೆ ಹೋಗಿದ್ದಾರೆ ಎಂದಳು. ಉಸಿರು ಹಿಡಿದು ಒಂದೇ ಸಮ ಹೇಳಿದ ಆ ಮಾತಿನಲ್ಲಿ ಎಲ್ಲಿಯೂ ಒಂದು ತಪ್ಪಿರಲಿಲ್ಲ. ಎಷ್ಟು ಸರಿಯಾಗಿತ್ತೆಂದರೆ, ಅರ್ಥ ತಲೆಗೆ ಇಳಿಯುವ ಮೊದಲೇ ನನ್ನ ಬಾಯಿಂದ ಅಭ್ಯಾಸಬಲದಿಂದ ಶಬ್ಬಾಶ್ ಎಂಬ ಮಾತು ಹೊರಬಿದ್ದಿತ್ತು.

ನನ್ನ ಶಬ್ಬಾಶ್ ಕೇಳಿ ಗದಿಗೆಪ್ಪನ ನಗು ಇನ್ನೂ ಅಗಲವಾದದ್ದನ್ನು ನಾನು ಕಂಡೆ. ಆಮೇಲೆ ಅದು ಹೇಗೆ ಮೆಲ್ಲನೆ ನಿಂತುಹೋಯಿತು ಎಂಬುದನ್ನೂ ಕಂಡೆ. ಅವನಿಗೆ ಇಂಗ್ಲಿಷಿನ ಒಂದು ವಾಕ್ಯವಷ್ಟೇ ಗೊತ್ತಿತ್ತು. ಅದರ ಒಂದು ಶಬ್ದ ಮಗಳ ಮಾತಿನಲ್ಲಿಯೂ ಬಂದಿತ್ತು, ಆದರೆ ಅದನ್ನು ಹೇಳುವಾಗ ಅವಳ ಕೈ ಅವನ ಕಡೆ ತಿರುಗದೆ ದೂರದ ರಸ್ತೆಯ ಕಡೆ ತಿರುಗಿತ್ತು. ಅವನು ತೆರೆದ ಬಾಯಿ ಮುಚ್ಚಿ, ಡಬ್ಬಿಯನ್ನು ನೆಲದ ಮೇಲಿಟ್ಟು, ನನಗೊಂದು ನಮಸ್ಕಾರ ಮಾಡಿ ಇಳಿದು ಹೋದ. ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ಮಕ್ಕಳು ಸೂಸಲ ತಿಂದರು. ನೀಲಾ ಮುಟ್ಟಲಿಲ್ಲ.

ಫೋನು ಇಟ್ಟ ಮೇಲೆಯೇ ಅವಳಿಗೆ ಗುಡ್ಡದ ನೆನಪಾದದ್ದು. ನಾಳೆ ಸಂಜೆ ಇದೇ ಹೊತ್ತಿಗೆ ಇದೇ ಮಾತು, ಅವಳದೇ ದನಿಯಲ್ಲಿ, ಗಿರಣಿ ನಿಲ್ಲಿಸಿಕೊಂಡು ಕಾಯುವ ಅಪ್ಪನ ಎದುರು, ಕಟ್ಟೆಯ ತುಂಬ ಕೂತ ಜನರ ನಡುವೆ. ಪೋಸ್ಟ್ ಮಾಸ್ತರು ಅರ್ಥ ಹೇಳುತ್ತಾರೆ. ಅವರು ಹೇಳದಿದ್ದರೂ ಈಗ ಊರಿನ ಅರ್ಧ ಮಕ್ಕಳಿಗೆ ಅಷ್ಟು ಇಂಗ್ಲಿಷ್ ತಿಳಿಯುತ್ತದೆ, ತಿಳಿಯುವ ಹಾಗೆ ಮಾಡಿದವಳು ನಾನೇ. ಮಾಳಿಗೆಯ ಮೂಲೆಯಲ್ಲಿ ಮೊಣಕಾಲಿಗೆ ಮುಖವಿಟ್ಟು ಕೂತ ಅವಳನ್ನು ಬೈಯಲು ನನ್ನ ಬಾಯಿಯೇ ಏಳಲಿಲ್ಲ. ನನ್ನ ಶಬ್ಬಾಶ್ ಕೂಡ ಆ ಮಾತಿನ ಬೆನ್ನಿಗೇ ಮರಳಿ ಬರುವುದಿತ್ತು.

ಶುಕ್ರವಾರ ಬೆಳಕು ಹರಿಯುತ್ತಲೇ ಅವಳು ನನ್ನ ಬಾಗಿಲಿಗೆ ಬಂದಳು. ಓಢಣಿಯ ಕೆಳಗೆ ಜೋಳ ತುಂಬಿದ ಡಬ್ಬಿ. ಕಣ್ಣು ಊದಿಕೊಂಡಿದ್ದವು.

"ನಾ ಹೆಂಗ ಒಯ್ಯಲ್ರಿ ಅಕ್ಕೋರ? ಗಿರಣಿ ಅಪ್ಪಂದಽ ಐತೆಲ್ರಿ. ನೀವ ಒಯ್ದು ಕೊಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ."

ಅಪ್ಪನ ಮುಂದೆ ಹೋಗಿ ಆದದ್ದನ್ನು ಹೇಳಿಬಿಡು ಎಂದೆ. ಅವಳು ತಲೆಯಲ್ಲಾಡಿಸಿದಳು. ಅವನು ಬೈದರೆ, ಹೊಡೆದರೆ ತಡೆದುಕೊಂಡೇನು, ಅವನು ಸುಮ್ಮನೆ ನಿಂತರೆ ಏನು ಮಾಡಲಿ ಎಂದು ಅತ್ತಳು. ನಾನು ಡಬ್ಬಿ ಇಸಿದುಕೊಂಡೆ. ಅವಳ ಸಲುವಾಗಿ ಎಂದು ನನಗೆ ನಾನೇ ಹೇಳಿಕೊಂಡೆ, ಆದರೆ ನನ್ನ ಸಲುವಾಗಿಯೂ ಹೌದು.

ಕೈಯಲ್ಲಿ ಬಟ್ಟೆ ಮುಚ್ಚಿದ ಪಾತ್ರೆ ಹಿಡಿದು ಗಿರಣಿಯ ಬೀದಿಯಲ್ಲಿ ನಡೆಯುವವರ ಮುಖವನ್ನು ನಮ್ಮೂರಿನಲ್ಲಿ ಯಾರೂ ನೋಡುವುದಿಲ್ಲ. ಅವತ್ತು ಕಸ ಗುಡಿಸುತ್ತಿದ್ದ ಹೆಂಗಸರು ನಾನು ಬರುವುದನ್ನು ಕಂಡು ಗೋಡೆಯ ಕಡೆ ತಿರುಗಿ ನಿಂತರು. ಅಕ್ಕೋರೂ ಏನೋ ಆಡಬಾರದ್ದನ್ನು ಆಡಿದ್ದಾರೆ ಎಂದುಕೊಂಡಿರಬೇಕು. ನಾನು ಡಬ್ಬಿಯನ್ನು ಗದಿಗೆಪ್ಪನ ಮುಂದಿಟ್ಟು, ಸಂಜೆ ದೀಪ ಹಚ್ಚುವ ಹೊತ್ತಿಗೆ ಎಂದೆ. ಅವನ ಮುಖ ಸಣ್ಣದಾಯಿತು.

"ಅದು ನಮ್ಮ ಹುಡುಗಿ ಹೊತ್ತು ರೀ," ಎಂದ. "ಅದೊಂದು ಬಿಟ್ಟು ಯಾವ ಹೊತ್ತು ಹೇಳ್ತೀರಿ ಹೇಳ್ರಿ."

ನಾನು ಡಬ್ಬಿಯನ್ನು ಇನ್ನಷ್ಟು ಅವನ ಕಡೆ ಸರಿಸಿದೆ. ವಾಪಸು ಕಳಿಸುವಂತಿಲ್ಲ ಎಂಬುದು ಅವನಿಗೂ ಗೊತ್ತು. ನಿಟ್ಟುಸಿರು ಬಿಟ್ಟು ಜೋಳ ಸುರುವಿಕೊಳ್ಳಲು ಬಟ್ಟೆ ಸರಿಸಿದ. ಸರಿಸಿದವನು ಹಾಗೇ ನಿಂತುಬಿಟ್ಟ. ನಿನ್ನೆ ಸಂಜೆ ಮಂಡಕ್ಕಿ ಸೂಸಲ ತುಂಬಿಕೊಂಡು ಮಾಳಿಗೆಗೆ ತಂದಿದ್ದ ಅವನದೇ ಡಬ್ಬಿ ಅದು. ಹುಡುಗಿ ತೊಳೆದು, ಕೈಗೆ ಸಿಕ್ಕಿದ್ದಕ್ಕೆ ಜೋಳ ಹಾಕಿಕೊಂಡು ಬಂದಿದ್ದಳು. ನಾನೂ ನೋಡಿರಲಿಲ್ಲ. ಅವನು ಡಬ್ಬಿಯ ಅಂಚನ್ನು ಹೆಬ್ಬೆರಳಿನಿಂದ ಒರೆಸಿದ, ಜೋಳವನ್ನು ಒಂದು ಬುಟ್ಟಿಗೆ ಹಾಕಿ ಬೇರೆ ಇಟ್ಟ. ಹುಬ್ಬು ಕೂಡ ಅಲುಗಲಿಲ್ಲ.

ಆ ಸಂಜೆ ಕಟ್ಟೆ ತುಂಬಿತ್ತು. ವಿಡಿಯೋದಲ್ಲಿ ಮಾತಾಡಿದ್ದಾರಂತೆ ಎಂದು ಸುದ್ದಿ ಹಬ್ಬಿ ದೂರದ ಓಣಿಯವರೂ ಬಂದಿದ್ದರು. ಗುಡ್ಡದ ತುದಿಗೆ ಬಿಸಿಲು ಕಡಿಮೆಯಾಗುತ್ತಿದ್ದಂತೆ ಗಿರಣಿಯ ಮೋಟಾರು ಶುರುವಾಯಿತು. ಶುಕ್ರವಾರ, ಆ ಹೊತ್ತಿಗೆ, ಗದಿಗೆಪ್ಪನ ಗಿರಣಿ. ಕಟ್ಟೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆಮೇಲೆ ಎಲ್ಲರೂ ಒಟ್ಟಿಗೆ ನೆಲ ನೋಡಿದರು. ಒಂದು ಬೊಗಸೆ ಜೋಳ ಬೀಸಲು ಎಷ್ಟು ಹೊತ್ತು ಬೇಕು? ಅವನು ತನ್ನದೇ ಜೋಳದ ಚೀಲ ಬಿಚ್ಚಿ ಸುರಿಯುತ್ತಲೇ ಇದ್ದಿರಬೇಕು. ಮಗಳ ಮಾತು ಮುಗಿಯುವ ಹೊತ್ತು ದಾಟಿ, ಕತ್ತಲೆ ಇಳಿಯುವವರೆಗೂ ಗಿರಣಿ ನಿಲ್ಲಲಿಲ್ಲ. ಬಾಗಿಲು ಒಳಗಿನಿಂದ ಹಾಕಿತ್ತು. ನಿಂತ ಮೇಲೆ ಹಿಟ್ಟು ಇಸಿದುಕೊಳ್ಳಲು ನಾನು ಹೋದೆ. ಅವನು ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಬಂದ.

"ಮನಿಗೆ ನಾನಽ ಒಯ್ತೀನ್ರಿ ಅಕ್ಕೋರ," ಎಂದಷ್ಟೇ ಹೇಳಿ ನಡೆದ.

ಶನಿವಾರ ಶಾಲೆ ಬಿಟ್ಟ ಮೇಲೆ ನೀಲಾ ನನ್ನ ಹಿಂದೆಯೇ ಬಂದಳು. ರಾತ್ರಿ ಅವ್ವ ಆ ಹಿಟ್ಟಿನ ರೊಟ್ಟಿ ಬಡಿದಳಂತೆ. ಇವಳು ತಾಟು ಹಾಕಿಕೊಂಡು ಕೂತರೆ, ಅಪ್ಪ ಬುಟ್ಟಿಯನ್ನು ತನ್ನ ಕಡೆ ಎಳೆದುಕೊಂಡು ಒಂದರ ಮೇಲೊಂದು ಎಲ್ಲವನ್ನೂ ತಾನೇ ತಿಂದನಂತೆ.

"ನನಗ ಒಂದ್ ತುತ್ತೂ ಬಿಡಲಿಲ್ರಿ," ಎಂದಳು. "ಒಂದ್ ಮಾತೂ ಕೇಳಲಿಲ್ಲ. ತಿನ್ನೂದು ನಂದಿತ್ತಲ್ರಿ ಅಕ್ಕೋರ."

ಹೌದು, ತಿನ್ನುವುದು ಅವಳದಿತ್ತು. ಅದರಲ್ಲಿ ಅರ್ಧ ನನ್ನದಿತ್ತು. ನಾನು ಅವಳ ಕೈ ಹಿಡಿದು ಗಿರಣಿಯ ಕಡೆ ನಡೆದೆ. ಏನು ಹೇಳಬೇಕೆಂದು ನನಗೂ ಗೊತ್ತಿರಲಿಲ್ಲ. ನಾವು ಹೋದಾಗ ದೀಪ ಹಚ್ಚುವ ಹೊತ್ತಾಗಿತ್ತು. ಗಿರಾಕಿಗಳು ಇರಲಿಲ್ಲ, ಮೋಟಾರು ನಿಂತಿತ್ತು. ಗದಿಗೆಪ್ಪ ಬಾಗಿಲ ಬಳಿ ಚೀಲದ ಮೇಲೆ ಕೂತಿದ್ದ. ಎದುರಿನ ಕಟ್ಟೆಯಲ್ಲಿ ಎಂದಿನ ಜನ. ನಮ್ಮನ್ನು ಕಂಡು ಅವನು ಏಳುವಷ್ಟರಲ್ಲಿ ಗುಡ್ಡ ಮಾತಾಡಿತು.

ಆಯ್ ಯಾಮ್ ನೀಲಾಸ್ ಫಾದರ್.

ಗದಿಗೆಪ್ಪನ ದನಿ. ಗಂಟಲು ಹರಿಯುವ ಹಾಗೆ ಕೂಗಿ ಹೇಳಿದ್ದು. ಸ್ವಲ್ಪ ಬಿಟ್ಟು ಮತ್ತೆ ಅದೇ, ಈ ಸಲ ತುಸು ಮೆಲ್ಲಗೆ. ಮತ್ತೆ ಅದೇ, ಯಾರಿಗೋ ಪರಿಚಯ ಹೇಳಿಕೊಂಡ ಹಾಗೆ ಮರ್ಯಾದೆಯಿಂದ. ನಿನ್ನೆ ಗಿರಣಿಯ ಬಾಗಿಲು ಹಾಕಿಕೊಂಡು, ಚೀಲದ ಮೇಲೆ ಚೀಲ ಸುರಿಯುತ್ತ, ಆ ಗದ್ದಲದಲ್ಲಿ ಅವನು ಅದೊಂದನ್ನೇ ಹೇಳುತ್ತಿದ್ದ. ಮರುದಿನ ಅದು ಮರಳಿ ಬರುತ್ತದೆ ಎಂಬುದು ಅವನಿಗೆ ಮರೆತಿತ್ತೋ, ನೆನಪಿದ್ದೇ ಹೇಳಿದ್ದನೋ, ನಾನು ಇವತ್ತಿನವರೆಗೂ ಕೇಳಿಲ್ಲ. ಕಟ್ಟೆಯ ಮೇಲೆ ಯಾರೂ ಪೋಸ್ಟ್ ಮಾಸ್ತರರನ್ನು ಅರ್ಥ ಕೇಳಲಿಲ್ಲ. ನಿನ್ನೆ ಗಿರಣಿಯ ಸದ್ದು ಮುಚ್ಚಿಹಾಕಿದ ಮಾತು ಏನಿದ್ದಿರಬಹುದು ಎಂಬುದು ಎಲ್ಲರಿಗೂ ಈಗ ತಿಳಿದುಹೋಗಿತ್ತು.

ನೀಲಾ ಬೀದಿಯ ನಡುವೆ ನಿಂತಲ್ಲೇ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಗುಡ್ಡ ಮತ್ತೆ ಹೇಳಿತು, ಮತ್ತೆ ಹೇಳಿತು. ಗದಿಗೆಪ್ಪನಿಗೆ ಮಗಳ ಕಡೆ ನೋಡಲು ಆಗಲಿಲ್ಲ. ತಪ್ಪು ಮಾಡಿ ಸಿಕ್ಕಿಬಿದ್ದವನು ಅವನೇ ಎನ್ನುವ ಹಾಗೆ ತಲೆ ತಗ್ಗಿಸಿ, ಎದ್ದು, ಒಳಗಿನ ಸ್ವಿಚ್ಚಿನ ಮೇಲೆ ಕೈಯಿಟ್ಟ.

"ಗಿರಣಿ ಹಚ್ಚಲೇನವಾ?"

ಅವಳು ಕೈ ತೆಗೆದಳು. ಮುಖ ಪೂರ್ತಿ ಒದ್ದೆಯಾಗಿತ್ತು.

"ಬ್ಯಾಡಪ್ಪಾ."

ಅವಳು ಹೋಗಿ ಅವನು ಎದ್ದುಹೋದ ಚೀಲದ ಮೇಲೆ ಕೂತಳು. ಅವನು ಸ್ವಿಚ್ಚಿನಿಂದ ಕೈ ತೆಗೆದು, ಬಂದು ಪಕ್ಕದಲ್ಲಿ ಕೂತ. ಅವಳ ಬಟ್ಟೆಗೆಲ್ಲ ಹಿಟ್ಟು ಹತ್ತಿತು. ಗುಡ್ಡ ಹೇಳಿ ಮುಗಿಸುವವರೆಗೆ ಇಬ್ಬರೂ ಅಲ್ಲಿಂದ ಏಳಲಿಲ್ಲ.

ಭಾನುವಾರ ಸಂಜೆ ನಾನು ಕಟ್ಟೆಗೆ ಹೋಗಿ ಕೂತೆ. ಸ್ವಲ್ಪ ಹೊತ್ತಿಗೆ ನೀಲಾ ಬಂದು ನನ್ನ ಪಕ್ಕ ಕೂತಳು. ಜನ ಅವಳಿಗೆ ಜಾಗ ಬಿಟ್ಟರು, ಆದರೆ ಯಾರೂ ಮಾತಾಡಿಸಲಿಲ್ಲ. ಹೊತ್ತಿಗೆ ಸರಿಯಾಗಿ ಗುಡ್ಡ ಅಪ್ಪನ ಒಂದು ಪ್ರಶ್ನೆಯನ್ನೂ ಮಗಳ ಒಂದು ಉತ್ತರವನ್ನೂ ಮರಳಿಸಿ ಸುಮ್ಮನಾಯಿತು. ಎದುರಿಗೆ ಗದಿಗೆಪ್ಪ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡು, ಹಿಟ್ಟು ಬಿತ್ತು ಎಂದು ಯಾರಿಗೋ ಸನ್ನೆ ಮಾಡಿ ತೋರಿಸಿದ. ನೀಲಾ ತಲೆ ಎತ್ತಿರಲಿಲ್ಲ. ತಗ್ಗಿಸಿದ ತಲೆಯಲ್ಲೇ, ಬರುವ ಗುರುವಾರ ಅಪ್ಪನನ್ನು ಮಾಳಿಗೆಗೆ ಕರೆದುಕೊಂಡು ಬರಲೇ ಅಕ್ಕೋರೆ ಎಂದು ಕೇಳಿದಳು. ಪಿಸುಮಾತಿನಲ್ಲಿ ಕೇಳಬಹುದಿತ್ತು. ಕೇಳಲಿಲ್ಲ. ನಾಳೆ ಗುಡ್ಡ ಅದನ್ನು ಇಡೀ ಊರಿಗೆ ಹೇಳುವಷ್ಟು ಗಟ್ಟಿಯಾಗಿಯೇ ಕೇಳಿದಳು.